ಕಾರ್ಟೆಕ್ಸ್ ನಮ್ಮ ಮಾವನ ಶೇಂಗಾ ಮಿಲ್ಲಿನ ಬೋರ್ಡ್ ಮ್ಯಾಲಿದ್ದ

ಕ್ರ್ಯಾಶ್ ಬ್ಯಾಂಡಿಕೂಟ್ ಅನ್ನೋ ವಿಡಿಯೋ ಗೇಮ್ ಆಡಿದವ್ರಿಗೆ ಅದರ ವಿಲನ್ ಡಾಕ್ಟರ್ ನಿಯೋ ಕಾರ್ಟೆಕ್ಸ್ ಗೊತ್ತಿರ್ತಾನ, ದೊಡ್ಡ ತಲಿ, ಹಣಿ ಮ್ಯಾಲೆ ಎನ್ ಅಕ್ಷರ. 1996ರಾಗ ಪ್ಲೇಸ್ಟೇಷನ್‌ಗೆ ಬಂದ ಗೇಮು, ನಾಟಿ ಡಾಗ್‌ನೋರು ಮಾಡಿದ್ದು, ನಾವು ಬಳ್ಳಾರಿ ಹುಡುಗ್ರು ಅದನ್ನ ನೋಡಿದ್ದು ಎಷ್ಟೋ ವರ್ಷ ಆದಮ್ಯಾಲೆ, ತಾಸಿನ ಲೆಕ್ಕದಾಗ ರೊಕ್ಕ ಕೊಟ್ಟು ಗೇಮ್ ಅಂಗಡ್ಯಾಗ. ಆವಾಗ ಅವನ ಹೆಸ್ರು ನಮ್ಮ ಬಾಯಾಗ "ಕಾಟ್ರೆಕ್ಸ್".

ಆಮೇಲೆ ಒಂದಿನ ಮೆಡಿಕಲ್ ಓದೋ ತಂಗಿ ಜೋರಾಗಿ ಬಾಯಿಪಾಠ ಮಾಡಾಕತ್ತಿದ್ಲು, ನಿಯೋಕಾರ್ಟೆಕ್ಸ್, ಆರು ಪದರ. ಏ ಇವ ನಮ್ಮ ವಿಲನ್ ಅಲ್ಲೇನು ಅಂದೆ. "ಅಣ್ಣಾ, ಅದು ಮಿದುಳಿನ ಹೊರಪದರ, ಸುಮ್ನಿರು" ಅಂದ್ಲು.

ಸುಮ್ನಿರಾಕ ಆಗ್ಲಿಲ್ಲ, ಫೋನ್‌ನಾಗ ಲ್ಯಾಟಿನ್ ಡಿಕ್ಷನರಿ ತೆಗೆದೆ. ಕಾರ್ಟೆಕ್ಸ್ ಅಂದ್ರ ಮರದ ತೊಗಟಿ, ಅಷ್ಟೇ. ನಿಯೋ ಮಾತ್ರ ಗ್ರೀಕ್, ಹೊಸದು ಅಂತ. ಅಂದ್ರ ನಮ್ಮ ಡಾಕ್ಟ್ರು ಹೊಸ ತೊಗಟಿ! ಗೇಮ್ ಮಾಡಿದವ್ರು ತೊಗಟಿ ನೆನಸಿ ಹೆಸ್ರು ಇಟ್ಟಿರ್ಲಿಕ್ಕಿಲ್ಲ ಬಿಡ್ರಿ, ಆ ತಲಿ ನೋಡಿದ್ರ ಮಿದುಳೇ ಅವ್ರ ಲೆಕ್ಕ ಅನ್ಸುತ್ತ, ಮುಂದಿನ ಗೇಮ್‌ಗಳಾಗ ಎನ್ ಜಿನ್, ಎನ್ ಟ್ರೋಪಿ ಅಂತ ವಿಲನ್‌ಗಳಿಗೆ ಹೆಸ್ರಿಟ್ಟು ಎಂಜಿನ್ನು ಎಂಟ್ರೋಪಿನೂ ಬಿಡ್ಲಿಲ್ಲ ಅವ್ರು.

ಇಲ್ಲಿ ನಾನು ಕಲ್ತಿದ್ದು ಒಂದು ಐತಿ. ಲ್ಯಾಟಿನ್ ಡಿಕ್ಷನರಿ ಒಂದೊಂದು ನಾಮಪದಕ್ಕ ಎರಡು ರೂಪ ಕೊಡ್ತದ, ಎರಡ್ನೇದು "ಅದರ" ಅನ್ನೋ ಷಷ್ಠಿ ರೂಪ, ನಾನು ಮೊದ್ಲು ಅದನ್ನ ಓದ್ದೇ ಬಿಡ್ತಿದ್ದೆ. ಆದ್ರ ಕಾರ್ಟೆಕ್ಸ್ ಪಕ್ಕದಾಗ ಕಾರ್ಟಿಕಿಸ್ ಅಂತ ಇತ್ತು, ಹಳೇ ಲ್ಯಾಟಿನ್ನಾಗ ಸಿ ಬಂದ್ರ ಕ ಅಂತನೇ ಓದೋದು. ಎಕ್ಸ್ ಹೋಗಿ ಕ ಬಂತು. ವಾರ್ಟೆಕ್ಸ್, ಅಂದ್ರ ಸುಳಿ, ಅದೂ ಹಿಂಗ, ವಾರ್ಟಿಕಿಸ್ (ಗೇಮಿನ ಹೀರೋ ಕ್ರ್ಯಾಶ್‌ನ ತಲಿ ಕೆಡಸಾಕ ಡಾಕ್ಟ್ರು ಹಾಕಿದ ಮಿಷನ್ ಹೆಸರೇ ಕಾರ್ಟೆಕ್ಸ್ ವಾರ್ಟೆಕ್ಸ್, ಕೆಲ್ಸ ಮಾಡ್ಲಿಲ್ಲ ಅದು ಬ್ಯಾರೆ ಮಾತು). ಲ್ಯಾಟಿನ್‌ನಿಂದ ಹುಟ್ಟಿದ ಎಷ್ಟೋ ಮಾತು ಈ ಎರಡ್ನೇ ರೂಪದ ಮ್ಯಾಲೇ ಬೆಳದಾವ, ಅದನ್ನ ನೋಡ್ಲಿಲ್ಲಂದ್ರ ಸಂಬಂಧ ಸಿಗಂಗಿಲ್ಲ.

ಕಾರ್ಟಿಕ, ಕಾರ್ಟಿಕ ಅಂತ ಬಾಯಾಗ ಅನಕೋತ ಕುಂತಾಗ ತಟ್ಟನೆ ಹೊಳೀತು, ಮಾವನ ಮಿಲ್ಲು! ಗೇಟಿನ ಮ್ಯಾಲೆ ಹಸಿರು ಪೇಂಟಿನಾಗ ಗ್ರೌಂಡ್‌ನಟ್ ಡಿಕಾರ್ಟಿಕೇಟರ್ ಅಂತ ಇತ್ತು, ಸಣ್ಣಾವಿದ್ದಾಗ ಅದು ಮಿಷನ್ ಮಾಡಿದ ಕಂಪನಿ ಹೆಸ್ರು ಅನಕೊಂಡಿದ್ದೆ. ಡಿ ಅಂದ್ರ ತೆಗಿಯೋದು, ಕಾರ್ಟಿಕ ಅಂದ್ರ ತೊಗಟಿ. ಮ್ಯಾಲಿಂದ ಕಾಯಿ ಸುರೀತಾರ, ಒಳಗ ತಿರುಗೋ ಪಟ್ಟಿ ಜಾಲರಿಗೆ ಒತ್ತಿ ಉಜ್ಜಿ ಸಿಪ್ಪಿ ಒಡೀತದ, ಫ್ಯಾನ್ ಗಾಳಿಗೆ ಹೊಟ್ಟು ಆಕಡೆ ಹಾರಿ ಕಾಳು ಈಕಡೆ ಬೀಳ್ತಾವ.

ಮಾವಗ ಫೋನ್ ಹಚ್ಚಿ, ಮಾವಾ ನಿಮ್ಮ ಬೋರ್ಡ್ ಮ್ಯಾಲೆ ಲ್ಯಾಟಿನ್ ಐತಿ ಅಂದೆ.

"ಯಾಕಲೇ, ಪೇಂಟರ್ ಮತ್ತ ಸ್ಪೆಲ್ಲಿಂಗ್ ತಪ್ಪು ಬರ್ದಾನೇನು?"