ಲೋಹ ಮುಟ್ಟದ ಡ್ರೂಯಿಡ್‌ಗೆ ಕವಚ ಹೊಂದಿಸುವ ಲೆಕ್ಕ

ಪಾತ್ರ ವಹಿಸಿ ಆಡುವ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟದ ಐದನೇ ಆವೃತ್ತಿಯ 2014ರ ನಿಯಮದಲ್ಲಿ ಡ್ರೂಯಿಡ್‌ಗೆ, ಅಂದರೆ ಪ್ರಕೃತಿಯ ಶಕ್ತಿಯಿಂದ ಮಂತ್ರ ಹಾಕುವ ಪಾತ್ರಕ್ಕೆ, ಲೋಹ ಬೇಡ ಅಂದಿರುವುದು ಕವಚಕ್ಕೆ ಮತ್ತು ಗುರಾಣಿಗೆ ಮಾತ್ರ. ಕುಡುಗೋಲು, ಸಿಮಿಟಾರ್, ಈಟಿ ಧಾರಾಳವಾಗಿ ಹಿಡಿಯಬಹುದು. ಹೊಸಬರು ಇದನ್ನು ಗಮನಿಸದೆ ಬರೀ ದೊಣ್ಣೆ ಬರೆದುಕೊಂಡು ಬರುತ್ತಾರೆ. ಆಟ ನಡೆಸುವ ನಾನು ಶುರುವಿಗೆ ಮೊದಲು ಅವರ ಪಾತ್ರದ ಶೀಟ್‌ನಲ್ಲಿ ತಿದ್ದುವುದು ಇದನ್ನೇ.

ಆಮೇಲೆ ಎಸಿ, ಅಂದರೆ ಏಟು ತಗಲದಂತೆ ಕಾಯುವ ಅಂಕ. ಚುರುಕುತನದ ಅಂಕವಾದ ಡೆಕ್ಸ್ 14 ಇದ್ದರೆ ಲೆದರ್ ಕವಚಕ್ಕೆ 11, ಡೆಕ್ಸ್‌ನಿಂದ 2, ಮರದ ಗುರಾಣಿ 2, ಒಟ್ಟು 15. ಹತ್ತು ಚಿನ್ನದ ನಾಣ್ಯಕ್ಕೆ ಸಿಗುವ ಹೈಡ್ (ದಪ್ಪ ತೊಗಲಿನ ಕವಚ) ಲೆದರ್ ಬದಲು ತೊಟ್ಟರೆ 16. ಮೊಳೆ ಬಡಿದ ಸ್ಟಡೆಡ್ ಲೆದರ್‌ಗೆ 45 ನಾಣ್ಯ ಸುರಿದರೂ ಅದೇ 16. ಅದರ ಮೊಳೆ ಲೋಹವೋ ಅಲ್ಲವೋ ಎಂದು ಗಂಟೆಗಟ್ಟಲೆ ಕಿತ್ತಾಡುವವರು ಈ ಲೆಕ್ಕ ಹಾಕಿರುವುದಿಲ್ಲ. ಹೈಡ್‌ಗೆ ಡೆಕ್ಸ್‌ನಿಂದ 2ಕ್ಕಿಂತ ಹೆಚ್ಚು ಸೇರುವುದಿಲ್ಲ, ಹಾಗಾಗಿ ಡೆಕ್ಸ್ 16 ಮುಟ್ಟಿದ ಮೇಲಷ್ಟೇ ಸ್ಟಡೆಡ್ ಮುಂದೆ ಹೋಗುವುದು. ಅಂಥವರು ಕೇಳಿದರೆ ಮೊಳೆ ಕೊಂಬಿನದು, ಮೂಳೆಯದು ಅಂತ ಬರೆದುಕೊಳ್ಳಿ ಅನ್ನುತ್ತೇನೆ. ಬೆಲೆ ಮಾತ್ರ ಅದೇ 45.

2014ರ ಬಾರ್ಕ್‌ಸ್ಕಿನ್ ಮಂತ್ರದಲ್ಲೂ ಜನ ಎಡವುತ್ತಾರೆ. ಅದು ಎಸಿಯನ್ನು 16ಕ್ಕಿಂತ ಕೆಳಗೆ ಇಳಿಯಲು ಬಿಡುವುದಿಲ್ಲ, ಇದ್ದದ್ದರ ಮೇಲೆ ಏನನ್ನೂ ಕೂಡಿಸುವುದೂ ಇಲ್ಲ. ಹೈಡ್, ಗುರಾಣಿ ಹಾಕಿ ಆಗಲೇ 16 ಮುಟ್ಟಿದವರಿಗೆ ಮಂತ್ರಕ್ಕೆ ಖರ್ಚಾಗುವ ಸ್ಲಾಟ್ ದಂಡ. ಪ್ರಾಣಿಯ ರೂಪ ತಾಳುವ ವೈಲ್ಡ್ ಶೇಪ್ ಶಕ್ತಿಯಿಂದ ಕಂದು ಕರಡಿಯಾಗುವ ಮುಂಚೆ ಹಾಕಿಕೊಂಡರೆ ಮಾತ್ರ ಬೇರೆ ಮಾತು: ಕರಡಿಯ ಎಸಿ ಬರೀ 11, ರೂಪ ಬದಲಾದರೂ ಮಂತ್ರವನ್ನು ಹಿಡಿದಿಡುವ ಕಾನ್ಸಂಟ್ರೇಷನ್ ಮುರಿಯುವುದಿಲ್ಲ.

ಎಸಿ 14ರ ಕವಚ ಬೇಕೆಂದರೆ ಆಂಖೆಗ್‌ನಂಥ ದೊಡ್ಡ ಹುಳುವಿನ ಚಿಪ್ಪು ತರಲು ಹೇಳುತ್ತೇನೆ. ಒಂದು ಹುಳುವಿಗೆ ಒಂದೇ ಕವಚ. ಅಂಕಿಗಳು ಲೋಹದ ಬ್ರೆಸ್ಟ್‌ಪ್ಲೇಟ್‌ನವೇ, ಆದರೆ ಅಂಗಡಿಯಲ್ಲಿ ಕೊಳ್ಳುವುದಾದರೆ 400 ನಾಣ್ಯದ ಬದಲು 600. ಚಿಪ್ಪಿಗೆ ಲೋಹ ಕಾಯಿಸುವ ಹೀಟ್ ಮೆಟಲ್ ಮಂತ್ರ ತಟ್ಟುವುದಿಲ್ಲ, ಲೋಹ ತಿನ್ನುವ ರಸ್ಟ್ ಮಾನ್‌ಸ್ಟರ್ ಅದನ್ನು ತಿನ್ನುವುದಿಲ್ಲ. ಆ ಲಾಭವನ್ನು ಪುಕ್ಕಟೆ ಕೊಟ್ಟರೆ ಪಕ್ಕದಲ್ಲಿ ಕೂತ ಫೈಟರ್ ಮುಖ ಸಿಂಡರಿಸುತ್ತಾನೆ.

ಇಷ್ಟೆಲ್ಲ ಇದ್ದೂ ಒಬ್ಬರು ಉಕ್ಕನ್ನೇ ತೊಟ್ಟರೆ? ಮೂರೂವರೆ ಆವೃತ್ತಿಯಲ್ಲಿ ಶಿಕ್ಷೆ ಸ್ಪಷ್ಟ: ತೊಟ್ಟಿರುವಷ್ಟು ಹೊತ್ತು, ತೆಗೆದ ಮೇಲೆ ಇನ್ನೂ 24 ಗಂಟೆ ಡ್ರೂಯಿಡ್ ಮಂತ್ರವಿಲ್ಲ, ವೈಲ್ಡ್ ಶೇಪ್ ಇಲ್ಲ. 2014ರಲ್ಲಿ ತೊಡುವುದಿಲ್ಲ ಎಂದಿದೆಯೇ ಹೊರತು ತೊಟ್ಟರೆ ಏನಾಗುತ್ತದೆಂದು ಇಲ್ಲ. ನಾನು ಹಳೆಯ ಶಿಕ್ಷೆಯನ್ನು ಅರ್ಧಕ್ಕೆ ಇಳಿಸಿ, ತೊಟ್ಟಿರುವಷ್ಟು ಹೊತ್ತು ಮಾತ್ರ ಮಂತ್ರ ಬಂದ್ ಅಂತ ಮೊದಲ ದಿನವೇ ಹೇಳಿಬಿಡುತ್ತೇನೆ. ಕಾಳಗದ ನಡುವೆ ಹೇಳಿದರೆ ಜಗಳ ಖಾತ್ರಿ.

2024ರ ಪುಸ್ತಕದಲ್ಲಿ ಲೋಹದ ನಿಷೇಧವೇ ಇಲ್ಲ. ಅದರ ಬದಲು ಡ್ರೂಯಿಡ್‌ಗೆ ಹಗುರ ಕವಚ, ಗುರಾಣಿ ಅಷ್ಟೇ. ಮಧ್ಯಮ ಕವಚ (ಹೈಡ್, ಬ್ರೆಸ್ಟ್‌ಪ್ಲೇಟ್‌ನಂಥದು) ಬೇಕಿದ್ದರೆ ವಾರ್ಡನ್ ಎಂಬ ಆಯ್ಕೆಯನ್ನು ಆರಿಸಬೇಕು. ಹಳೆಯದರಿಂದ ಮಧ್ಯಮ ಕವಚ, ಹೊಸದರಿಂದ ನಿಷೇಧವಿಲ್ಲದ ಸವಲತ್ತು ಎತ್ತಿಕೊಂಡು ಲೋಹದ ಹಾಫ್ ಪ್ಲೇಟ್ ಹಾಕಿ ಎಸಿ 19 ಅಂತ ಬರೆದ ಶೀಟ್ ಕಂಡರೆ ವಾಪಸ್ ಕೊಡಿ.