ಮೇ ತಿಂಗಳ ಕಲಬುರಗಿಯಲ್ಲಿ ಪಾಲಿಅನಿಲಿನ್–ಟೈಟಾನಿಯ: ನನ್ನ ಅನುಭವ

ಚಿಲ್ಲರ್ (ದ್ರಾವಣ ತಣಿಸುವ ಯಂತ್ರ) ಇಲ್ಲದೆ ಬೇಸಿಗೆಯಲ್ಲಿ ಪಾಲಿಅನಿಲಿನ್, ಅಂದರೆ ಅನಿಲಿನ್ ದ್ರವದಿಂದ ತಯಾರಾಗುವ, ವಿದ್ಯುತ್ ಹರಿಯುವ ಪಾಲಿಮರ್, ಮಾಡಲಾಗದು ಅಂತ ಎಲ್ಲರೂ ಹೇಳಿದ್ದರು. "ಈ ಬಿಸಿಲಾಗ ಆಗಂಗಿಲ್ರಿ ಸರ, ಯಾಕ ಸುಮ್ನ ರೊಕ್ಕ ಹಾಳ ಮಾಡ್ತೀರಿ" ಅಂದಿದ್ದರು ನಮ್ಮ ಲ್ಯಾಬಿನ ಅಟೆಂಡರ್. ಆದರೂ ಆಯಿತು, ಅದೂ ಟೈಟಾನಿಯ (ಟೈಟಾನಿಯಂ ಡೈಆಕ್ಸೈಡ್ ಪುಡಿ) ಬೆರೆಸಿ.

ಹೊರಗೆ 42–43 ಡಿಗ್ರಿ. ಚಿಲ್ಲರಿಗೆ ಲಕ್ಷದ ಮೇಲೆ ಕೊಟೇಶನ್. ನಾನು ಇನ್ನೂರು ರೂಪಾಯಿ ಆಸುಪಾಸಿಗೆ ಐಸ್ ಗಡ್ಡೆ ತರಿಸಿ ಒಡೆದು, ಕಲ್ಲುಪ್ಪು ಬೆರೆಸಿ, ಥರ್ಮಾಕೋಲ್ ಡಬ್ಬಿಯಲ್ಲಿ ಅನಿಲಿನ್ ಬೀಕರ್ ಇಟ್ಟೆ. ಎಪಿಎಸ್ (ಅಮೋನಿಯಂ ಪರ್ಸಲ್ಫೇಟ್, ಅನಿಲಿನನ್ನು ಪಾಲಿಮರ್ ಆಗಿಸುವ ರಾಸಾಯನಿಕ) ದ್ರಾವಣವನ್ನೂ ಅದರಲ್ಲೇ ತಣಿಸಿ ಹನಿಹನಿಯಾಗಿ ಬಿಟ್ಟೆ. ಸ್ವಲ್ಪ ಹೊತ್ತು ಏನೂ ಕಾಣುವುದಿಲ್ಲ. ಆಮೇಲೆ ಒಮ್ಮೆಲೇ ನೀಲಿಗೆ ತಿರುಗಿ ಥರ್ಮಾಮೀಟರ್ ಏರತೊಡಗುತ್ತದೆ. ಆಗಲೇ ಮತ್ತಷ್ಟು ಐಸ್, ಉಪ್ಪು ಸುರಿದು 5 ಡಿಗ್ರಿಯೊಳಗೆ ಹಿಡಿಯಬೇಕು. ಹಿಡಿದರೆ ಕಡುಹಸಿರು ಪುಡಿ. ಐಸಿಲ್ಲದೆ ಮಾಡಿದ ಬ್ಯಾಚು ಕಂದು ಬಣ್ಣಕ್ಕೆ ಹೋಗಿತ್ತು, ವಾಹಕತೆ ಕಾಲುಭಾಗವೂ ಇರಲಿಲ್ಲ.

ಪಾಲಿಮರಿಗೆ ಬೆರೆಸಲು ಟೈಟಾನಿಯಕ್ಕಿಂತ ಮೊದಲು ಜಿಂಕ್ ಆಕ್ಸೈಡ್ ಹಾಕಿದ್ದೆವು. 1 ಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಅದು ಕರಗಿಹೋಯಿತು, ಎಕ್ಸ್‌ಆರ್‌ಡಿಯಲ್ಲಿ (ಎಕ್ಸ್-ರೇಯಿಂದ ಹರಳಿನ ರಚನೆ ನೋಡುವ ಪರೀಕ್ಷೆ) ಅದರ ಒಂದು ಗೆರೆಯೂ ಸಿಗಲಿಲ್ಲ. ಸ್ಯಾಂಪಲ್ಲಿಗೆ ಆರೇಳು ನೂರರಂತೆ ಕೊಟ್ಟ ಹಣ ನೀರುಪಾಲು. ಟೈಟಾನಿಯ ಆಮ್ಲಕ್ಕೆ ಜಗ್ಗುವುದಿಲ್ಲ. ಆದರೆ ಎಕ್ಸ್‌ಆರ್‌ಡಿಯಲ್ಲಿ ಅನಟೇಸಿನ (ಟೈಟಾನಿಯದ ಒಂದು ಹರಳು ರೂಪ) 25.3 ಡಿಗ್ರಿ ಪೀಕು ಪಾಲಿಅನಿಲಿನ್ನಿನ ಅಗಲ ಪೀಕಿನ ಮೇಲೆಯೇ ಕೂರುತ್ತದೆ. ಅದನ್ನು ಹಿಡಿದು ಶೆರ್ರರ್ ಲೆಕ್ಕ (ಪೀಕಿನ ಅಗಲದಿಂದ ಹರಳಿನ ಗಾತ್ರ ತೆಗೆಯುವ ಸೂತ್ರ) ಹಾಕುವವರನ್ನು ಕಂಡರೆ ನನಗೆ ಸಂಕಟ. ನಾನು 48 ಡಿಗ್ರಿಯ ಪೀಕು ಹಿಡಿದೆ, ಸುಮಾರು 20 ನ್ಯಾನೋಮೀಟರ್ ಬಂತು.

ಅನಿಲಿನ್ ಹಾಕುವ ಮುಂಚೆ ಟೈಟಾನಿಯ ಗಂಟು ಕಟ್ಟದಂತೆ ಸೋನಿಕೇಟರಿನಲ್ಲಿ (ಶಬ್ದದಲೆಯಿಂದ ಕಲಕುವ ಯಂತ್ರ) ಒಂದು ದ್ರವದ ಒಂದು ಹನಿ ಸೇರಿಸುತ್ತೇನೆ. ಅದೇನೆಂದು ಪೇಪರ್ ಬಂದ ಮೇಲೆ ಹೇಳುತ್ತೇನೆ. ಶೇ. 10 ಟೈಟಾನಿಯ ಇದ್ದೂ ಫೋರ್-ಪ್ರೋಬಿನಲ್ಲಿ (ನಾಲ್ಕು ಸೂಜಿಯಿಂದ ವಾಹಕತೆ ಅಳೆಯುವ ಸಾಧನ) ವಾಹಕತೆ ಸೆಂಟಿಮೀಟರಿಗೆ 1 ಸೀಮೆನ್ಸ್ ಹತ್ತಿರ ನಿಂತಿತು. ನಮ್ಮ ಕಡೆ ಇಷ್ಟು ಕಡಿಮೆ ಖರ್ಚಿನಲ್ಲಿ ಇದನ್ನು ತೆಗೆದವರು ನನಗೆ ಗೊತ್ತಿಲ್ಲ.

ನಡುವೆ ಇನ್ನೊಂದು ಹುಚ್ಚು. ಬೀದರಿನಲ್ಲಿ ಬಿದರಿ ಪಾತ್ರೆ ಕಪ್ಪಾಗಿಸಲು ಬಳಸುವ ನವಸಾಗರ ಮನೆಯಲ್ಲಿತ್ತು. ಒದ್ದೆ ಸುಣ್ಣದ ಜೊತೆ ತಿಕ್ಕಿ, ಎದ್ದ ಅಮೋನಿಯ ಘಾಟನ್ನು ಪೆಲೆಟ್ಟಿಗೆ (ಪುಡಿ ಒತ್ತಿ ಮಾಡಿದ ಬಿಲ್ಲೆ) ಹಿಡಿದೆ. ಮಲ್ಟಿಮೀಟರಿನ ಓಮ್ (ವಿದ್ಯುತ್ ರೋಧ) ಸರಸರ ಏರಿತು, ಫ್ಯಾನಿನಡಿ ಇಟ್ಟರೆ ನಿಧಾನ ಇಳಿಯಿತು, ಪೂರ್ತಿ ಹಿಂದಿನ ಮಟ್ಟಕ್ಕೆ ಬರಲಿಲ್ಲ. ಶೇ. 20 ಟೈಟಾನಿಯದ ಪೆಲೆಟ್ ಬೇಗ ಚೇತರಿಸಿತು.

ಸೆಮ್‌ನಲ್ಲಿ (ಮೇಲ್ಮೈ ತೋರಿಸುವ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ) ಬರೀ ಗುಂಪುಗುಂಪು ಕಾಳು. ಟೈಟಾನಿಯ ಸುತ್ತ ಪಾಲಿಮರ್ ಹೊದ್ದಿದೆಯೋ ಇಲ್ಲವೋ ಹೇಳಲು ಕಣದ ಒಳಗೂ ತೋರಿಸುವ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ, ಟೆಮ್ ಬೇಕು. ಉಳಿದ ರೊಕ್ಕವೆಲ್ಲ ಅದಕ್ಕೇ ಎತ್ತಿಟ್ಟಿದ್ದೇನೆ.