ಫಾರ್ಮ್ಯಾಟ್ ಮಾಡದೆ ಲಾಗಿನ್ ಸರಿ ಮಾಡಿದ್ದು

ಅರಸೀಕೆರೆ ಕಡೆಯ ಒಂದು ಸಹಕಾರ ಸಂಘ. ಕಂಪ್ಯೂಟರ್ ಹದಿನೆಂಟೋ ಹತ್ತೊಂಬತ್ತೋ, ಎಲ್ಲವೂ ಡೊಮೇನ್‌ನಲ್ಲಿ, ಅಂದರೆ ಎಲ್ಲರ ಹೆಸರು, ಪಾಸ್‌ವರ್ಡ್ ಒಂದೇ ಸರ್ವರಿನಲ್ಲಿ. ಫೈಬರ್ ಲೈನ್ ಹಾಕಿಸಿಕೊಂಡ ಎರಡು ಮೂರು ದಿನಕ್ಕೆ ಲಾಗಿನ್ ತಕರಾರು ಶುರುವಾಯಿತು. ನನಗಿಂತ ಮೊದಲು ಬಂದವರು ಮೂರು ಸಿಸ್ಟಮ್ ಫಾರ್ಮ್ಯಾಟ್ ಹೊಡೆದು ತಲಾ 600 ರೂಪಾಯಿ ತಗೊಂಡಿದ್ದರು. ಆ ಮೂರೂ ಮತ್ತೆ ಡೊಮೇನ್‌ಗೆ ಸೇರಲೇ ಇಲ್ಲ. "ಸರ್ವರ್ ಹೋಗಿದೆ" ಅಂತ ಒಂದೂಮುಕ್ಕಾಲು ಲಕ್ಷದ ಕೊಟೇಶನ್ ಬೇರೆ ಕೊಟ್ಟಿದ್ದರು. ಸರ್ವರ್ ಚೆನ್ನಾಗೇ ಇದೆ ಅಂದರೆ ಕಾರ್ಯದರ್ಶಿಗಳು ನಂಬಲಿಲ್ಲ. ನಮ್ಮ ಹುಡುಗನೇ "ಅಣ್ಣಾ, ಫಾರ್ಮ್ಯಾಟ್ ಹೊಡೆದುಬಿಡೋಣ" ಅಂದ.

ದಾರಿ ತೋರಿಸಿದ್ದು ಕ್ಯಾಷ್ ಕೌಂಟರಿನ ಮೇಡಂ. "ಸಾರ್, ನನ್ನ ಸೀಟಲ್ಲಿ ಕೂತ್ರೆ ಬರುತ್ತೆ, ಪಕ್ಕದ ಸೀಟಲ್ಲಿ ಅದೇ ಪಾಸ್‌ವರ್ಡ್ ತಗೊಳಲ್ಲ." ಅವರ ಸಿಸ್ಟಮ್ಮಿನ ಲ್ಯಾನ್ ಕೇಬಲ್ ಕಿತ್ತು, ಈಗ ಲಾಗಿನ್ ಆಗಿ ಮೇಡಂ ಅಂದೆ. ತಕ್ಷಣ ಒಳಗೆ ಹೋಯಿತು! ಇಷ್ಟು ದಿನ ಯಾರ ಲಾಗಿನ್ನೂ ಸರ್ವರ್ ಮುಟ್ಟಿರಲಿಲ್ಲ, ವಿಂಡೋಸ್ ತಾನು ಉಳಿಸಿಕೊಂಡ ಹಳೇ ಲಾಗಿನ್ ಮೇಲೆ ಒಳಗೆ ಬಿಡುತ್ತಿತ್ತು. ಐಪಿ ಕಾನ್ಫಿಗ್ (ಸಿಸ್ಟಮ್ಮಿನ ನೆಟ್‌ವರ್ಕ್ ವಿವರ) ನೋಡಿದರೆ ಡಿಎನ್‌ಎಸ್, ಅಂದರೆ ಹೆಸರು ಕೊಟ್ಟರೆ ವಿಳಾಸ ಹೇಳುವ ಸರ್ವರ್, 8.8.8.8, ಗೂಗಲ್‌ದು. ಹೊಸ ರೌಟರ್ ಎಲ್ಲರಿಗೂ ಅದನ್ನೇ ಹಂಚುತ್ತಿತ್ತು. ಲಾಗಿನ್ ನೋಡುವ ನಮ್ಮ ಸರ್ವರ್, ಅಂದರೆ ಡೊಮೇನ್ ಕಂಟ್ರೋಲರ್, ಎಲ್ಲಿದೆ ಅಂತ ಗೂಗಲ್‌ಗೇನು ಗೊತ್ತು?

ನಾನೂ ನೇರವಾಗಿ ಗೆಲ್ಲಲಿಲ್ಲ. ಹೆಸರಿಗೆ ವಿಳಾಸ ಕೈಯಾರೆ ಬರೆದಿಡುವ ಹೋಸ್ಟ್ಸ್ ಫೈಲಿಗೆ ಸರ್ವರ್ ಹೆಸರು ಬರೆದು ಅರ್ಧ ದಿನ ಕಳೆದೆ. ಪಿಂಗ್ ಬಂತು, ಲಾಗಿನ್ ಬರಲಿಲ್ಲ. ಡೊಮೇನ್ ಕಂಟ್ರೋಲರ್ ಯಾವುದು ಅಂತ ಹೇಳುವ ಡಿಎನ್‌ಎಸ್‌ನ ಎಸ್‌ಆರ್‌ವಿ ರೆಕಾರ್ಡ್ ಹೋಸ್ಟ್ಸ್ ಫೈಲಿನಲ್ಲಿ ಎಲ್ಲಿಂದ ಬರಬೇಕು! ಆಮೇಲೆ ಮೊದಲ ಡಿಎನ್‌ಎಸ್ ನಮ್ಮ ಸರ್ವರ್‌ದು, ಆಲ್ಟರ್ನೇಟ್ (ಎರಡನೇದು) 8.8.8.8 ಅಂತ ಕೊಟ್ಟು ಮನೆಗೆ ಬಂದೆ. ನಾಲ್ಕನೇ ದಿನ ಫೋನ್. ಕರೆಂಟ್ ಹೋಗಿ ಬಂದಿದೆ, ಸರ್ವರ್ ಏಳುವುದು ತಡವಾಗಿದೆ, ಅಷ್ಟರಲ್ಲಿ ಸಿಸ್ಟಮ್‌ಗಳೆಲ್ಲ 8.8.8.8 ಹಿಡಿದು ಕೂತಿವೆ. ಪೆಟ್ರೋಲ್ ಇನ್ನೂರು ರೂಪಾಯಿ ನನ್ನ ಕೈಯಿಂದಲೇ. ಆಲ್ಟರ್ನೇಟ್ ಖಾಲಿ ಬಿಡಿ, ಈ ವಿಷಯದಲ್ಲಿ ನಾನು ಯಾರ ಮಾತೂ ಕೇಳಲ್ಲ. ಸಿಸ್ಟಮ್‌ಗಳಿಗೆ ವಿಳಾಸ, ಡಿಎನ್‌ಎಸ್ ಹಂಚುವ ಡಿಎಚ್‌ಸಿಪಿಯನ್ನು ರೌಟರಿನಲ್ಲಿ ಆಫ್ ಮಾಡಿ ಸರ್ವರಿನಿಂದಲೇ ಕೊಡಿಸಿದೆ, ಹೊರಗಿನ ಇಂಟರ್ನೆಟ್ಟಿಗೆ ಸರ್ವರ್ ಡಿಎನ್‌ಎಸ್‌ನಲ್ಲಿ ಫಾರ್ವರ್ಡರ್ ಹಾಕಿದೆ, ತನಗೆ ಗೊತ್ತಿಲ್ಲದ ಹೆಸರನ್ನು ಸರ್ವರ್ ಹೊರಗೆ ಕೇಳಿ ತರಲಿ ಅಂತ.

ಆದರೂ ಎರಡು ಸಿಸ್ಟಮ್ ಹಟ ಮಾಡಿದವು. ಒಂದರಲ್ಲಿ ಬಯಾಸ್ ಸೆಲ್ ಸತ್ತು ಗಡಿಯಾರ 2015ಕ್ಕೆ ಹೋಗಿತ್ತು. ಐದು ನಿಮಿಷ ವ್ಯತ್ಯಾಸ ದಾಟಿದರೂ ಡೊಮೇನಿನ ಲಾಗಿನ್ ಪರಿಶೀಲಿಸುವ ಕೆರ್ಬೆರೋಸ್ ಒಪ್ಪಲ್ಲ, ಇದು ವರ್ಷಗಟ್ಟಲೆ. ಸಿಆರ್2032 ಸೆಲ್, ನಲವತ್ತು ರೂಪಾಯಿ. ಇನ್ನೊಂದಕ್ಕೆ ಯಾರೋ ಹಳೇ ಇಮೇಜ್ (ಡಿಸ್ಕಿನ ಪೂರ್ತಿ ನಕಲು) ಹಾಕಿದ್ದರಿಂದ ಸರ್ವರ್ ಜತೆಗಿನ ಟ್ರಸ್ಟ್ ಮುರಿದಿತ್ತು. ಡೊಮೇನಿನಿಂದ ತೆಗೆದು ಮತ್ತೆ ಸೇರಿಸದೆ, ಪವರ್‌ಶೆಲ್‌ನಲ್ಲಿ ಆ ನಂಟನ್ನು ಸರಿಪಡಿಸುವ ಸೆಕ್ಯೂರ್ ಚಾನೆಲ್ ರಿಪೇರಿ ಕೊಟ್ಟೆ, ಅಷ್ಟೇ. ಅದರ ಲೋಕಲ್ ಅಡ್ಮಿನ್ ಪಾಸ್‌ವರ್ಡ್ ಯಾರಿಗೂ ಗೊತ್ತಿರಲಿಲ್ಲ. ಒಳಗೆ ಹೇಗೆ ಹೋದೆ ಅನ್ನೋದು ನನ್ನ ಹತ್ತಿರವೇ ಇರಲಿ.

ಒಟ್ಟು ಬಿಲ್ 3,500 ರೂಪಾಯಿ. ದುಡ್ಡು ಎಣಿಸುವ ಮೊದಲು ಕಾರ್ಯದರ್ಶಿಗಳು ಮೇಡಂ ಅವರನ್ನು ಒಂದಾದ ಮೇಲೊಂದು ಆರು ಸೀಟಿನಲ್ಲಿ ಕೂರಿಸಿ ಲಾಗಿನ್ ಮಾಡಿಸಿದರು. ಆರರಲ್ಲೂ ಬಂತು.